ಗ್ರಾಮ ಪಂಚಾಯತಿ ಕಚೇರಿಯ ಧ್ವನಿ ಸಂದೇಶ ವ್ಯವಸ್ಥೆ: ನಿರ್ವಹಣೆ ಮತ್ತು ಸದಸ್ಯರ ಹೊಣೆ

ಗ್ರಾಮ ಪಂಚಾಯತಿ ಸದಸ್ಯರ ಅಧ್ಯಯನ ಪಾಠ

ಪೀಠಿಕೆ

ಗ್ರಾಮಸ್ಥರ ಕುಂದುಕೊರತೆಗಳೆಲ್ಲ ಕಾಗದದ ಮೇಲೆ ಬರುವುದಿಲ್ಲ. ದಾರಿಯಲ್ಲಿ ಎದುರಾದ ಸದಸ್ಯರಿಗೆ, ವಾಲ್ವ್ ತಿರುಗಿಸಲು ಬಂದ ನೀರುಗಂಟಿಗೆ, ತೆರಿಗೆ ಕೇಳಲು ಬಂದ ಕರವಸೂಲಿಗಾರರಿಗೆ ಬಾಯಿಮಾತಿನಲ್ಲಿ ಹೇಳಿದ ದೂರುಗಳೇ ಅನೇಕ. ಹೇಳಿದ ಮಾತು ಆ ಕ್ಷಣಕ್ಕೆ ಕೇಳಿಸುತ್ತದೆ. ಸಂಜೆಯ ಹೊತ್ತಿಗೆ ಮರೆತುಹೋಗುತ್ತದೆ. ಗ್ರಾಮ ಸಭೆಯಲ್ಲಿ "ಎಷ್ಟು ಸಲ ಹೇಳಿದೆವು" ಎಂದು ಜನರೂ, "ನಮಗೆ ದೂರೇ ಬಂದಿಲ್ಲ" ಎಂದು ಕಚೇರಿಯವರೂ ವಾದಿಸುವಾಗ, ಇಬ್ಬರೂ ಸತ್ಯವನ್ನೇ ಹೇಳುತ್ತಿರುವ ಸಾಧ್ಯತೆಯಿದೆ.

ಈ ಕೊರತೆಯನ್ನು ತುಂಬಲು ಧ್ವನಿ ಸಂದೇಶ ವ್ಯವಸ್ಥೆ ಉತ್ತಮ ಸಾಧನ. ಬರೆಯಲು ಬಾರದವರು, ಕಚೇರಿಗೆ ಬರಲು ದಿನದ ಕೂಲಿ ಬಿಡಬೇಕಾದವರು, ಅಧಿಕಾರಿಯ ಎದುರು ನಿಂತು ಮಾತನಾಡಲು ಹಿಂಜರಿಯುವವರು ಇದರ ಮೂಲಕ ತಮ್ಮ ಮಾತಿನಲ್ಲೇ ದೂರು ದಾಖಲಿಸಬಹುದು. ಆದರೆ ಯಂತ್ರವು ಮಾತನ್ನು ಹಿಡಿದಿಡುತ್ತದೆಯೇ ಹೊರತು ಕೇಳಿಸಿಕೊಳ್ಳುವುದಿಲ್ಲ; ಕೇಳಿಸಿಕೊಳ್ಳಬೇಕಾದವರು ಮನುಷ್ಯರೇ. ಹಿಡಿದಿಟ್ಟ ಮಾತನ್ನು ಯಾರು, ಯಾವ ಹೊತ್ತಿಗೆ, ಎಷ್ಟು ದಿನಗಳೊಳಗೆ ಕೇಳಿ ಉತ್ತರಿಸಬೇಕು ಎಂಬುದು ನಿಶ್ಚಯವಾಗದ ಕಡೆ ಈ ವ್ಯವಸ್ಥೆ ಇಲ್ಲದಿರುವುದೇ ಲೇಸು. ಏಕೆ ಎಂಬುದನ್ನು ಈ ಪಾಠ ವಿವರಿಸುತ್ತದೆ.

1. ವ್ಯವಸ್ಥೆಯ ಮೂರು ಭಾಗಗಳು

ಧ್ವನಿ ಸಂದೇಶ ಎಂಬ ಒಂದೇ ಹೆಸರಿನಡಿ ಮೂರು ಬೇರೆ ಬೇರೆ ಕೆಲಸಗಳು ನಡೆಯುತ್ತವೆ. ಪ್ರತಿಯೊಂದರ ನಿಯಮವೂ ಬೇರೆ.

(ಅ) ಒಳಬರುವ ಸಂದೇಶ: ಗ್ರಾಮಸ್ಥರು ಕಚೇರಿಯ ನಿಗದಿತ ಸಂಖ್ಯೆಗೆ ಕರೆ ಮಾಡಿ, ಸ್ವಾಗತ ನುಡಿ ಕೇಳಿ, ಬೀಪ್ ಶಬ್ದದ ನಂತರ ತಮ್ಮ ಮಾತನ್ನು ದಾಖಲಿಸುವುದು.

(ಆ) ಹೊರಹೋಗುವ ಸಂದೇಶ: ಗ್ರಾಮ ಸಭೆಯ ದಿನಾಂಕ, ನೀರು ಸರಬರಾಜಿನ ವ್ಯತ್ಯಯ, ಲಸಿಕಾ ಶಿಬಿರ ಮೊದಲಾದ ಪ್ರಕಟಣೆಗಳನ್ನು ಒಮ್ಮೆ ದಾಖಲಿಸಿ ಎಲ್ಲ ಕುಟುಂಬಗಳಿಗೂ ಸ್ವಯಂಚಾಲಿತ ಕರೆಯ ಮೂಲಕ ತಲುಪಿಸುವುದು.

(ಇ) ಸಿಬ್ಬಂದಿಯ ನಡುವಿನ ಸಂದೇಶ: ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸಿಬ್ಬಂದಿ ಪರಸ್ಪರ ಕಳುಹಿಸುವ ಧ್ವನಿ ತುಣುಕುಗಳು.

ದೇಶದಲ್ಲಿ ಈ ಬಗೆಯ ಬಳಕೆ ಹೊಸದಲ್ಲ. ಗರ್ಭಿಣಿಯರಿಗೆ ಮತ್ತು ತಾಯಂದಿರಿಗೆ ವಾರಕ್ಕೊಂದರಂತೆ 72 ಧ್ವನಿ ಸಂದೇಶಗಳನ್ನು ತಲುಪಿಸುವ ಕೇಂದ್ರ ಆರೋಗ್ಯ ಸಚಿವಾಲಯದ ಕಿಲ್ಕಾರಿ ಯೋಜನೆ 2016ರ ಜನವರಿಯಲ್ಲಿ ಆರಂಭವಾಯಿತು. ಛತ್ತೀಸಗಢದಲ್ಲಿ 2010ರಲ್ಲಿ ಆರಂಭವಾದ ಸಿಜಿನೆಟ್ ಸ್ವರ ಎಂಬ ವೇದಿಕೆಯಲ್ಲಿ ಆದಿವಾಸಿ ಪ್ರದೇಶದ ಜನರು ದೂರವಾಣಿಯಲ್ಲೇ ತಮ್ಮ ಊರಿನ ಸಮಸ್ಯೆಗಳನ್ನು ದಾಖಲಿಸಿದರು. ಬಂದ ಸಂದೇಶವನ್ನು ಕೇಳಿ, ಪರಿಶೀಲಿಸಿ ಮುಂದಕ್ಕೆ ಕಳುಹಿಸುವ ಜನ ಅಲ್ಲಿ ಇದ್ದರು. ಸಾಧನಕ್ಕೆ ಬೆಲೆ ಬಂದದ್ದು ಆ ಕಿವಿಗಳಿಂದ.

2. ದೂರವಾಣಿಯಲ್ಲಿ ಧ್ವನಿಯ ಮಿತಿ

ಸಾಮಾನ್ಯ ದೂರವಾಣಿ ಮಾರ್ಗವು ಮನುಷ್ಯನ ಧ್ವನಿಯನ್ನು ಪೂರ್ತಿಯಾಗಿ ಸಾಗಿಸುವುದಿಲ್ಲ. ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಕಂಪನಗಳನ್ನು ಮಾತ್ರ ಒಯ್ಯುತ್ತದೆ. 'ಸ', 'ಶ', 'ಫ' ಮುಂತಾದ ವ್ಯಂಜನಗಳನ್ನು ಬೇರ್ಪಡಿಸುವ ಸೂಕ್ಷ್ಮ ಶಬ್ದದ ಬಹುಭಾಗ ಇದಕ್ಕಿಂತ ಮೇಲಿರುವುದರಿಂದ, ದಾಖಲೆಯಲ್ಲಿ ಹೆಸರು ಮತ್ತು ಊರುಗಳು ಅಸ್ಪಷ್ಟವಾಗುತ್ತವೆ. ಆದ್ದರಿಂದ ಕರೆ ಮಾಡುವವರು ಹೆಸರು ಮತ್ತು ಊರನ್ನು ಎರಡು ಬಾರಿ ಹೇಳುವಂತೆ ಸ್ವಾಗತ ನುಡಿಯಲ್ಲೇ ಕೋರುವುದು, ಕಚೇರಿಯ ಪ್ರಕಟಣೆಯಲ್ಲಿಯೂ ದಿನಾಂಕ ಮತ್ತು ಸಮಯವನ್ನು ಎರಡು ಬಾರಿ ಹೇಳುವುದು ಅಗತ್ಯ.

ಸಂಗ್ರಹಕ್ಕೆ ಬೇಕಾದ ಜಾಗ ಅತ್ಯಲ್ಪ. ದೂರವಾಣಿ ಗುಣಮಟ್ಟದ ಧ್ವನಿಯನ್ನು ಸೆಕೆಂಡಿಗೆ 8,000 ಮಾದರಿಗಳಂತೆ, ಪ್ರತಿ ಮಾದರಿಗೆ ಒಂದು ಬೈಟ್‌ನಂತೆ ದಾಖಲಿಸಿದರೆ ಒಂದು ನಿಮಿಷಕ್ಕೆ 480 ಕಿಲೋಬೈಟ್ ಆಗುತ್ತದೆ. ದಿನಕ್ಕೆ ಒಂದು ನಿಮಿಷದ 20 ಸಂದೇಶಗಳಂತೆ ವರ್ಷದ 300 ದಿನ ಬಂದರೂ ಒಟ್ಟು 3 ಗಿಗಾಬೈಟ್ ತಲುಪುವುದಿಲ್ಲ. ಆದುದರಿಂದ "ಜಾಗ ತುಂಬಿತ್ತು, ಸಂದೇಶ ದಾಖಲಾಗಲಿಲ್ಲ" ಎಂಬ ವಿವರಣೆಯನ್ನು ಸಭೆ ಒಪ್ಪಬೇಕಾಗಿಲ್ಲ. ಕೇಳಿ ಮುಗಿಸಿದ ಸಂದೇಶಗಳನ್ನು ತೆರವುಗೊಳಿಸದೆ ಪೆಟ್ಟಿಗೆಯ ನಿಗದಿತ ಮಿತಿ ತುಂಬಿತ್ತು ಎಂಬುದು ಸಾಮಾನ್ಯವಾಗಿ ಅದರ ಅರ್ಥ.

3. ಒಳಬರುವ ಸಂದೇಶ: ಕೇಳುವ ಹೊಣೆ

ಒಂದು ಸಂದರ್ಭವನ್ನು ಊಹಿಸಿಕೊಳ್ಳೋಣ. ಶುಕ್ರವಾರ ಸಂಜೆ ಏಳು ಗಂಟೆ. ಮುಖ್ಯ ಗ್ರಾಮದಿಂದ ಮೂರು ಕಿಲೋಮೀಟರ್ ದೂರದ ಕಾಲೋನಿಯ ಮಹಿಳೆಯೊಬ್ಬರು ಪಂಚಾಯತಿ ಸಂಖ್ಯೆಗೆ ಕರೆ ಮಾಡಿ, "ನಲ್ಲಿ ನೀರು ಕೆಂಪಗೆ ಬರ್ತಾ ಇದೆ, ವಾಸನೆ ಇದೆ, ಪಕ್ಕದ ಮನೆ ಮಗುವಿಗೆ ಮಧ್ಯಾಹ್ನದಿಂದ ವಾಂತಿ ಭೇದಿ" ಎಂದು ದಾಖಲಿಸುತ್ತಾರೆ. "ನಿಮ್ಮ ದೂರು ದಾಖಲಾಗಿದೆ, ಧನ್ಯವಾದಗಳು" ಎಂದು ಯಂತ್ರ ಉತ್ತರಿಸುತ್ತದೆ. ಮರುದಿನ ಎರಡನೇ ಶನಿವಾರ, ನಂತರ ಭಾನುವಾರ. ಸೋಮವಾರ ಬೆಳಿಗ್ಗೆ ಡಾಟಾ ಎಂಟ್ರಿ ಆಪರೇಟರ್ ತಾಲ್ಲೂಕು ಕಚೇರಿಗೆ ಹೋಗಿರುತ್ತಾರೆ. ಸಂದೇಶ ಕೇಳಿಸುವುದು ಸೋಮವಾರ ಮಧ್ಯಾಹ್ನ. ಅಷ್ಟರಲ್ಲಿ ಇಡೀ ಕಾಲೋನಿ ಎರಡೂವರೆ ದಿನ ಅದೇ ನೀರನ್ನು ಕುಡಿದಿರುತ್ತದೆ.

ಈ ಪೆಟ್ಟಿಗೆ ಇಲ್ಲದಿದ್ದರೆ ಆ ಮಹಿಳೆ ಅಂದು ರಾತ್ರಿಯೇ ವಾರ್ಡಿನ ಸದಸ್ಯರ ಮನೆ ಬಾಗಿಲು ತಟ್ಟುತ್ತಿದ್ದರು, ಇಲ್ಲವೇ ಆಶಾ ಕಾರ್ಯಕರ್ತೆಗೆ ಹೇಳುತ್ತಿದ್ದರು. ದೂರು ದಾಖಲಾಗಿದೆ ಎಂಬ ಮಾತನ್ನು ನಂಬಿ ಅವರು ಸುಮ್ಮನಾದರು. ಕೇಳುವವರಿಲ್ಲದ ಪೆಟ್ಟಿಗೆಯು ದೂರನ್ನು ನಿಧಾನಗೊಳಿಸುವುದಷ್ಟೇ ಅಲ್ಲ, ಇದ್ದ ಬೇರೆ ದಾರಿಗಳನ್ನೂ ಮುಚ್ಚಿಬಿಡುತ್ತದೆ. ನಿರ್ವಹಣೆಯ ಎಲ್ಲ ನಿಯಮಗಳೂ ಈ ಒಂದು ಅಪಾಯವನ್ನು ತಪ್ಪಿಸುವುದಕ್ಕಾಗಿಯೇ ಇರುತ್ತವೆ.

ಕೇಳುವವರ ನೇಮಕ: ಸಂದೇಶ ಕೇಳುವ ಹೊಣೆಯನ್ನು ಕಚೇರಿ ಆದೇಶದ ಮೂಲಕ ಒಬ್ಬ ಸಿಬ್ಬಂದಿಗೆ ವಹಿಸಬೇಕು, ಅವರು ಗೈರುಹಾಜರಾದಾಗ ಹೊಣೆ ಹೊರುವ ಎರಡನೆಯವರ ಹೆಸರೂ ಅದೇ ಆದೇಶದಲ್ಲಿರಬೇಕು. "ಎಲ್ಲರೂ ಕೇಳುತ್ತಾರೆ" ಎಂಬ ವ್ಯವಸ್ಥೆಯಲ್ಲಿ ಯಾರೂ ಕೇಳುವುದಿಲ್ಲ.

ಕೇಳುವ ಹೊತ್ತು: ಕೆಲಸದ ದಿನಗಳಲ್ಲಿ ಬೆಳಿಗ್ಗೆ ಕಚೇರಿ ತೆರೆದ ಕೂಡಲೇ, ಮಧ್ಯಾಹ್ನ ಊಟದ ನಂತರ ಮತ್ತು ಕಚೇರಿ ಮುಚ್ಚುವ ಮುನ್ನ, ಹೀಗೆ ಮೂರು ಬಾರಿ ಕೇಳಬೇಕು. ರಜಾ ದಿನಗಳಲ್ಲಿ ಬೆಳಿಗ್ಗೆ ಮತ್ತು ಸಂಜೆ ಒಮ್ಮೊಮ್ಮೆ ಕೇಳಲು ಸರದಿ ಪಟ್ಟಿ ಇರಬೇಕು. ದೂರದಿಂದಲೇ ಮೊಬೈಲ್ ಮೂಲಕ ಪೆಟ್ಟಿಗೆಯನ್ನು ಕೇಳುವ ಸೌಲಭ್ಯ ಇರುವುದರಿಂದ ಇದಕ್ಕಾಗಿ ಕಚೇರಿಗೆ ಬರಬೇಕಾಗಿಲ್ಲ.

ದರ್ಜೆ ವಿಂಗಡಣೆ: ಬಂದ ಕ್ರಮದಲ್ಲಿ ಕೇಳಬಹುದು, ಆದರೆ ಬಂದ ಕ್ರಮದಲ್ಲೇ ಕ್ರಮ ಕೈಗೊಳ್ಳುವಂತಿಲ್ಲ. ಈ ಕೆಳಗಿನ ವಿಂಗಡಣೆಯನ್ನು ಮಾದರಿಯಾಗಿ ಇಟ್ಟುಕೊಂಡು, ಆಯಾ ಪಂಚಾಯತಿ ತನ್ನ ಸಭೆಯಲ್ಲಿ ಚರ್ಚಿಸಿ ನಿಗದಿಪಡಿಸಿಕೊಳ್ಳಬಹುದು.

ಮೊದಲ ದರ್ಜೆ, ತಕ್ಷಣ: ನೀರಿನ ಬಣ್ಣ, ವಾಸನೆ ಅಥವಾ ರುಚಿಯ ಬದಲಾವಣೆ, ಒಂದಕ್ಕಿಂತ ಹೆಚ್ಚು ಮನೆಗಳಲ್ಲಿ ವಾಂತಿ ಭೇದಿ, ಕಡಿದುಬಿದ್ದ ವಿದ್ಯುತ್ ತಂತಿ, ಕುಸಿಯುವಂತಿರುವ ಶಾಲೆ ಅಥವಾ ಅಂಗನವಾಡಿಯ ಗೋಡೆ, ಮುಚ್ಚದೆ ಬಿಟ್ಟ ಕೊಳವೆಬಾವಿ.

ಎರಡನೇ ದರ್ಜೆ, ಒಂದು ಕೆಲಸದ ದಿನದೊಳಗೆ: ನೀರು ಬಾರದಿರುವುದು, ಪೈಪ್ ಒಡೆದಿರುವುದು, ಚರಂಡಿ ಕಟ್ಟಿಕೊಂಡಿರುವುದು.

ಮೂರನೇ ದರ್ಜೆ, ಏಳು ದಿನಗಳೊಳಗೆ: ಬೀದಿದೀಪ, ತೆರಿಗೆ ಲೆಕ್ಕದ ಸಂದೇಹ, ದಾಖಲೆಗಳ ವಿಚಾರಣೆ, ಸಲಹೆಗಳು.

ನೀರು ಬಾರದಿರುವುದು ತೊಂದರೆ; ಕೆಟ್ಟ ನೀರು ಬರುವುದು ಅಪಾಯ. ಎರಡೂ 'ನೀರಿನ ದೂರು' ಎಂಬ ಒಂದೇ ತಲೆಬರಹದಡಿ ಸೇರಿಹೋಗದಂತೆ ಕೇಳುವವರು ಎಚ್ಚರ ವಹಿಸಬೇಕು. ಕೆಟ್ಟ ನೀರಿನ ಸಂದೇಶ ಬಂದರೆ ಆ ಮಾರ್ಗದ ಸರಬರಾಜು ನಿಲ್ಲಿಸಿ, ಕ್ಷೇತ್ರ ಪರೀಕ್ಷಾ ಕಿಟ್‌ನಿಂದ ನೀರು ಪರೀಕ್ಷಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ, ಕಾಲೋನಿಗೆ ಬೇರೆ ನೀರಿನ ವ್ಯವಸ್ಥೆ ಮಾಡಬೇಕು. ಕ್ಲೋರಿನ್‌ನಿಂದ ಶುದ್ಧೀಕರಿಸಿದ ನೀರಿನಲ್ಲಿ ಪ್ರತಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕೆಂಬುದು ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಹೇಳುವ ಪ್ರಮಾಣ.

ತೆರೆದ ಕೊಳವೆಬಾವಿಯ ವಿಷಯದಲ್ಲೂ ಕಾಯುವಂತಿಲ್ಲ. 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಕೊಳವೆಬಾವಿಗೆ ಬಿದ್ದ ಪುಟ್ಟ ಮಗುವನ್ನು ರಾತ್ರಿಯಿಡೀ ನಡೆದ ಕಾರ್ಯಾಚರಣೆಯ ನಂತರ ಜೀವಂತವಾಗಿ ಹೊರತೆಗೆಯಲಾಯಿತು. ಎಲ್ಲ ಪ್ರಕರಣಗಳೂ ಹಾಗೆ ಮುಗಿದಿಲ್ಲ.

ವಹಿಯಲ್ಲಿ ನಮೂದು: ಕೇಳಿದ ಪ್ರತಿಯೊಂದು ಸಂದೇಶಕ್ಕೂ ವಹಿಯಲ್ಲಿ ಒಂದು ಸಾಲು ಇರಬೇಕು. ಕ್ರಮ ಸಂಖ್ಯೆ, ಸಂದೇಶ ಬಂದ ದಿನಾಂಕ ಮತ್ತು ಸಮಯ, ಕೇಳಿದ ಸಮಯ, ಗ್ರಾಮ ಮತ್ತು ವಾರ್ಡ್, ಸಾರಾಂಶ, ದರ್ಜೆ, ಯಾರಿಗೆ ವಹಿಸಲಾಯಿತು, ಕೈಗೊಂಡ ಕ್ರಮ, ಮರುಕರೆ ಮಾಡಿದ ದಿನಾಂಕ ಎಂಬ ಒಂಬತ್ತು ಅಂಕಣಗಳು ಸಾಕು. 'ಬಂದ ಸಮಯ' ಮತ್ತು 'ಕೇಳಿದ ಸಮಯ' ಎಂಬ ಎರಡು ಅಂಕಣಗಳ ನಡುವಿನ ಅಂತರವೇ ಈ ವ್ಯವಸ್ಥೆಯ ಆರೋಗ್ಯವನ್ನು ತೋರಿಸುವ ಅಳತೆ.

ಮರುಕರೆ: ಕೆಲಸ ಮುಗಿಯಿತೆಂದು ನೀರುಗಂಟಿ ಹೇಳಿದ ಮಾತ್ರಕ್ಕೆ ದೂರು ಮುಕ್ತಾಯವಾಗುವುದಿಲ್ಲ. ದೂರು ಕೊಟ್ಟವರಿಗೆ ಕರೆ ಮಾಡಿ, ಅವರು ಸರಿಯಾಗಿದೆ ಎಂದ ಮೇಲೆಯೇ 'ಮುಕ್ತಾಯ' ಎಂದು ಬರೆಯಬೇಕು. ಮಾಡಲಾಗದ ಕೆಲಸವಾದರೆ ಅದನ್ನೂ ಕಾರಣಸಹಿತ ತಿಳಿಸಬೇಕು. ಆಗದು ಎಂಬ ಉತ್ತರವನ್ನೂ ಜನ ಸಹಿಸುತ್ತಾರೆ. ಉತ್ತರವೇ ಇಲ್ಲದಿರುವುದನ್ನು ಸಹಿಸುವುದಿಲ್ಲ.

ಸಂದೇಶವನ್ನು ತಾನಾಗಿ ಅಕ್ಷರಕ್ಕೆ ಇಳಿಸುವ ತಂತ್ರಾಂಶಗಳು ಈಗ ಕನ್ನಡಕ್ಕೂ ಲಭ್ಯವಿವೆ. ಕೇಂದ್ರ ಸರ್ಕಾರದ ಭಾಷಿಣಿ ವೇದಿಕೆ 2022ರಲ್ಲಿ ಆರಂಭವಾಯಿತು. ಹುಡುಕಾಟಕ್ಕೆ ಇವು ಸಹಾಯಕ. ಆದರೆ ಗದ್ದಲದ ನಡುವೆ, ಆಡುನುಡಿಯಲ್ಲಿ ಹೇಳಿದ ಮಾತಿನಲ್ಲಿ "ಬಂದಿದೆ" ಎಂಬುದು "ಬಂದಿಲ್ಲ" ಎಂದಾದರೆ ಅರ್ಥವೇ ತಿರುಗುತ್ತದೆ. ತುಳು, ಕೊಂಕಣಿ, ಲಂಬಾಣಿ, ತೆಲುಗು, ಉರ್ದು ಮಾತನಾಡುವ ಕುಟುಂಬಗಳಿರುವ ಪಂಚಾಯತಿಗಳಲ್ಲಿ ಆ ಭಾಷೆ ತಿಳಿದ ಸಿಬ್ಬಂದಿಯ ನೆರವೂ ಬೇಕು. ಅಕ್ಷರ ರೂಪವನ್ನು ಓದಿ ದರ್ಜೆ ನಿರ್ಧರಿಸದೆ, ಧ್ವನಿಯನ್ನು ಕೇಳಿಯೇ ನಿರ್ಧರಿಸಬೇಕು.

4. ಸ್ವಾಗತ ನುಡಿ

ಸ್ವಾಗತ ನುಡಿ 20ರಿಂದ 25 ಸೆಕೆಂಡಿನೊಳಗೆ ಮುಗಿಯಬೇಕು. ಆಯ್ಕೆಗಳು ಮೂರನ್ನು ಮೀರಬಾರದು. ಮೊದಲು ವಿಷಯ, ನಂತರ ಅಂಕಿ ಹೇಳಬೇಕು. "ಒಂದನ್ನು ಒತ್ತಿದರೆ ನೀರಿನ ದೂರು" ಎಂದರೆ ವಿಷಯ ಕೇಳುವಷ್ಟರಲ್ಲಿ ಅಂಕಿ ಮರೆತಿರುತ್ತದೆ; "ನೀರಿನ ದೂರಿಗೆ ಒಂದನ್ನು ಒತ್ತಿ" ಎಂದರೆ ಒಡನೆ ತಿಳಿಯುತ್ತದೆ. ಗುಂಡಿ ಒತ್ತಲು ತಿಳಿಯದವರ ಮಾತೂ ದಾಖಲಾಗಬೇಕು.

ಮಾದರಿ: "ನಮಸ್ಕಾರ, ಇದು ಗ್ರಾಮ ಪಂಚಾಯತಿ ಕಚೇರಿ. ನೀರಿನ ದೂರಿಗೆ ಒಂದನ್ನು ಒತ್ತಿ. ಚರಂಡಿ, ಬೀದಿದೀಪಕ್ಕೆ ಎರಡನ್ನು ಒತ್ತಿ. ಬೇರೆ ವಿಷಯಕ್ಕೆ ಏನೂ ಒತ್ತದೆ ಕಾಯಿರಿ. ಬೀಪ್ ಶಬ್ದದ ನಂತರ ನಿಮ್ಮ ಹೆಸರು ಮತ್ತು ಊರನ್ನು ಎರಡು ಸಲ ಹೇಳಿ, ತೊಂದರೆ ತಿಳಿಸಿ. ರಾತ್ರಿ ಬಂದ ಸಂದೇಶವನ್ನು ಮರುದಿನ ಬೆಳಿಗ್ಗೆ ಕೇಳಲಾಗುವುದು. ಪ್ರಾಣಾಪಾಯವಿದ್ದರೆ ಕಾಯದೆ 112ಕ್ಕೆ ಕರೆ ಮಾಡಿ."

ಕೊನೆಯ ಎರಡು ವಾಕ್ಯಗಳನ್ನು ಬಿಡಬಾರದು. ಕಚೇರಿ ಏನನ್ನು ಮಾಡಬಲ್ಲುದೋ ಅದನ್ನಷ್ಟೇ ಮಾತು ಕೊಡಬೇಕು. ವಿದ್ಯುತ್ ಅಪಾಯಕ್ಕೆ 1912, ಮಕ್ಕಳ ರಕ್ಷಣೆಗೆ 1098, ಮಹಿಳಾ ಸಹಾಯವಾಣಿಗೆ 181 ಎಂಬ ಸಂಖ್ಯೆಗಳನ್ನು ಸೂಚನಾ ಫಲಕದಲ್ಲೂ ನೀರಿನ ಬಿಲ್ಲಿನ ಹಿಂಬದಿಯಲ್ಲೂ ಮುದ್ರಿಸುವುದು ಉಪಯುಕ್ತ. ಧ್ವನಿ ಸಂದೇಶವು ಸಕಾಲ ಸೇವೆಯ ಅರ್ಜಿಯಲ್ಲ ಎಂಬುದನ್ನೂ ಜನರಿಗೆ ತಿಳಿಸಬೇಕು. ಅಂಥ ಸೇವೆಗಳಿಗೆ ಅರ್ಜಿ ಸಲ್ಲಿಸಿ ಸ್ವೀಕೃತಿ ಪಡೆಯಲೇಬೇಕು.

5. ಹೊರಹೋಗುವ ಸಂದೇಶ

600 ಕುಟುಂಬಗಳಿಗೆ 40 ಸೆಕೆಂಡಿನ ಒಂದು ಪ್ರಕಟಣೆ ತಲುಪಿಸಬೇಕೆಂದಿಟ್ಟುಕೊಳ್ಳೋಣ. ಕರೆ ಜೋಡಣೆ ಮತ್ತು ಗಂಟೆ ಬಡಿಯುವುದಕ್ಕೆ 30 ಸೆಕೆಂಡ್ ಸೇರಿಸಿದರೆ ಒಂದು ಕರೆಗೆ 70 ಸೆಕೆಂಡ್, ಒಟ್ಟು 42,000 ಸೆಕೆಂಡ್. ಒಂದೇ ಮಾರ್ಗದಲ್ಲಿ ಇದಕ್ಕೆ 11 ಗಂಟೆ 40 ನಿಮಿಷ ಬೇಕು. ಏಕಕಾಲಕ್ಕೆ 10 ಮಾರ್ಗಗಳಿದ್ದರೆ 1 ಗಂಟೆ 10 ನಿಮಿಷ ಸಾಕು. ಸೇವೆ ಪಡೆಯುವಾಗ ಮಾರ್ಗಗಳ ಸಂಖ್ಯೆಯನ್ನು ಕೇಳದೆ ದರವನ್ನು ಮಾತ್ರ ನೋಡಿದರೆ, ಸಂಜೆಯ ಪ್ರಕಟಣೆ ಮರುದಿನ ಬೆಳಿಗ್ಗೆ ತಲುಪೀತು.

ದರದಲ್ಲೂ ಗಮನಿಸಬೇಕಾದ ಅಂಶವಿದೆ. ಶುಲ್ಕವನ್ನು 30 ಸೆಕೆಂಡಿನ ಪಲ್ಸ್ ಲೆಕ್ಕದಲ್ಲಿ ವಿಧಿಸುವ ಒಪ್ಪಂದವಾದರೆ, 32 ಸೆಕೆಂಡಿನ ಸಂದೇಶಕ್ಕೂ ಎರಡು ಪಲ್ಸ್‌ಗಳ ಹಣ ತೆರಬೇಕು. ಎರಡು ಸೆಕೆಂಡ್ ಕಡಿಮೆ ಮಾಡಿದರೆ ವೆಚ್ಚ ಅರ್ಧಕ್ಕಿಳಿಯುತ್ತದೆ. ಸೇವೆಯ ಖರೀದಿಯಲ್ಲಿ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999 ಮತ್ತು ಅದರ ನಿಯಮಗಳನ್ನು ಪಾಲಿಸಬೇಕು. ಸಗಟು ಸಂದೇಶಗಳಿಗೆ ಸಂಬಂಧಿಸಿದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ 2018ರ ನಿಯಮಾವಳಿಯಂತೆ ನೋಂದಣಿ ಪಡೆದ ಮಾರ್ಗದಿಂದಲೇ ಕರೆ ಹೋಗಬೇಕು. ಸದಸ್ಯರ ಅಥವಾ ಸಿಬ್ಬಂದಿಯ ಸ್ವಂತ ಸಿಮ್‌ನಿಂದ ಸಗಟು ಕರೆ ಮಾಡಿಸಿದರೆ ಆ ಸಂಖ್ಯೆಯ ಸಂಪರ್ಕವೇ ಕಡಿತಗೊಳ್ಳಬಹುದು.

ಕರೆಗಳ ವರದಿಯಲ್ಲಿ 'ಉತ್ತರಿಸಲಾಗಿದೆ' ಎಂದಿದ್ದ ಮಾತ್ರಕ್ಕೆ ಸಂದೇಶ ಕೇಳಲಾಗಿದೆ ಎಂದರ್ಥವಲ್ಲ. ಐದು ಸೆಕೆಂಡಿಗೆ ಕರೆ ಕಡಿದವರೂ ಆ ಲೆಕ್ಕದಲ್ಲಿ ಸೇರುತ್ತಾರೆ. ಸಂದೇಶವನ್ನು ಪೂರ್ತಿ ಕೇಳಿದವರ ಸಂಖ್ಯೆಯನ್ನು ಪ್ರತ್ಯೇಕವಾಗಿ ಕೇಳಿ ಪಡೆಯಬೇಕು. ಮುಖ್ಯ ವಿಷಯ ಮೊದಲ ಹತ್ತು ಸೆಕೆಂಡಿನಲ್ಲೇ ಬರುವಂತೆ ಸಂದೇಶ ರಚಿಸಬೇಕು. ಹೊಲದ ಕೆಲಸದಿಂದ ಜನ ಮನೆಗೆ ಮರಳುವ ಹೊತ್ತು, ಅಂದರೆ ಸಂಜೆ ಆರೂವರೆಯಿಂದ ಎಂಟು ಗಂಟೆ, ಬಹುತೇಕ ಗ್ರಾಮಗಳಿಗೆ ಅನುಕೂಲ.

ಇಲ್ಲಿ ಸದಸ್ಯರು ವಿಶೇಷವಾಗಿ ಯೋಚಿಸಬೇಕಾದ ಪ್ರಶ್ನೆಯೊಂದಿದೆ. ಪಟ್ಟಿಯಲ್ಲಿರುವ ಸಂಖ್ಯೆ ಯಾರದು? ತೆರಿಗೆ ಪಟ್ಟಿಯಿಂದ ತೆಗೆದ ಸಂಖ್ಯೆಗಳು ಹೆಚ್ಚಾಗಿ ಮನೆಯ ಗಂಡಸರವು. ಮಹಿಳಾ ಗ್ರಾಮ ಸಭೆಯ ಕರೆ ಅವರ ಕಿವಿಯಲ್ಲೇ ನಿಂತುಹೋದರೆ ಸಭೆಯಲ್ಲಿ ಖಾಲಿ ಜಮಖಾನೆ ಕಾಣುತ್ತದೆ. ಸ್ವಸಹಾಯ ಸಂಘಗಳ ಒಕ್ಕೂಟದ ಮೂಲಕ ಮಹಿಳೆಯರ ಸ್ವಂತ ಸಂಖ್ಯೆಗಳನ್ನು ಅವರ ಒಪ್ಪಿಗೆ ಪಡೆದು ಪಟ್ಟಿಗೆ ಸೇರಿಸಬೇಕು. ಶ್ರವಣದೋಷವಿರುವವರಿಗೆ ಅದೇ ವಿಷಯವನ್ನು ಬರಹದ ಸಂದೇಶವಾಗಿ ಕಳುಹಿಸಬೇಕು. ಫೋನ್ ಇಲ್ಲದ ಮನೆಗಳಿಗಾಗಿ ಡಂಗುರ, ಧ್ವನಿವರ್ಧಕ ಮತ್ತು ಸೂಚನಾ ಫಲಕ ಮುಂದುವರಿಯಬೇಕು. ಧ್ವನಿ ಕರೆ ಇವುಗಳಿಗೆ ಸೇರ್ಪಡೆಯಾಗಲಿ, ಬದಲಿಯಾಗದಿರಲಿ.

ಸಂದೇಶದ ಧ್ವನಿ ಯಾರದಾಗಿರಬೇಕು? ಸಿಬ್ಬಂದಿಯೊಬ್ಬರ ಸ್ಪಷ್ಟ ಧ್ವನಿ ಸೂಕ್ತ. ಪದಾಧಿಕಾರಿಗಳ ಧ್ವನಿಯಲ್ಲಿ ಹೋದ ಪ್ರಕಟಣೆ ಕ್ರಮೇಣ ಪ್ರಚಾರವೆಂದು ಎಣಿಸಲ್ಪಡುತ್ತದೆ, ಚುನಾವಣಾ ನೀತಿ ಸಂಹಿತೆ ಜಾರಿಯಲ್ಲಿರುವಾಗ ತೊಡಕಿಗೂ ಕಾರಣವಾಗುತ್ತದೆ.

6. ಸಿಬ್ಬಂದಿ ಗುಂಪಿನ ಧ್ವನಿ ತುಣುಕುಗಳು

ಬೆಳಗಿನ ಜಾವ ಪಂಪ್‌ಹೌಸಿನಲ್ಲಿರುವ ನೀರುಗಂಟಿಗೆ ಟೈಪ್ ಮಾಡುವುದಕ್ಕಿಂತ ಮಾತನಾಡುವುದು ಸುಲಭ. "ಮೋಟಾರ್ ಸುಟ್ಟಿದೆ, ಇವತ್ತು ಎರಡನೇ ವಾರ್ಡಿಗೆ ನೀರಿಲ್ಲ" ಎಂಬ ಹತ್ತು ಸೆಕೆಂಡಿನ ತುಣುಕು ಅತ್ಯಂತ ಉಪಯುಕ್ತ. ಇಂಥ ಕ್ಷೇತ್ರದ ಸುದ್ದಿಗೆ ಧ್ವನಿ ತುಣುಕು ಇರಲಿ. ಹಣ, ಟೆಂಡರ್, ಕಾಮಗಾರಿಯ ಅಳತೆ, ಸಿಬ್ಬಂದಿಯ ಮೇಲಿನ ಕ್ರಮ ಇವುಗಳಿಗೆ ಸಂಬಂಧಿಸಿದ ಸೂಚನೆ ಕಡತದಲ್ಲಿ ಬರಹದ ರೂಪದಲ್ಲೇ ಇರತಕ್ಕದ್ದು. ಧ್ವನಿ ತುಣುಕು ಸ್ವಂತ ಫೋನಿನಲ್ಲಿರುತ್ತದೆ. ಫೋನ್ ಬದಲಾದರೆ, ಸಿಬ್ಬಂದಿ ವರ್ಗಾವಣೆಯಾದರೆ ದಾಖಲೆಯೂ ಹೋಗುತ್ತದೆ.

ಸದಸ್ಯರು ಸಿಬ್ಬಂದಿ ಗುಂಪಿನಲ್ಲಿ ನೇರವಾಗಿ ಕೆಲಸ ಆದೇಶಿಸುವುದು ಸರಿಯಲ್ಲ. ಒಬ್ಬ ನೀರುಗಂಟಿಗೆ ಒಂದೇ ಬೆಳಿಗ್ಗೆ ನಾಲ್ವರು ಸದಸ್ಯರಿಂದ ನಾಲ್ಕು ವಾರ್ಡುಗಳ ಆದೇಶ ಬಂದರೆ, ಜೋರು ಧ್ವನಿಯವರ ವಾರ್ಡಿಗೆ ಮೊದಲು ನೀರು ಹೋಗುತ್ತದೆ. ಸದಸ್ಯರಿಗೆ ಬಂದ ದೂರನ್ನು ಅವರೂ ಅದೇ ಕಚೇರಿ ಸಂಖ್ಯೆಗೆ ದಾಖಲಿಸಬೇಕು; ಆಗ ಅದಕ್ಕೂ ಕ್ರಮ ಸಂಖ್ಯೆ, ದರ್ಜೆ ಮತ್ತು ಉತ್ತರ ಸಿಗುತ್ತದೆ.

ಯಂತ್ರದ ಮೂಲಕ ಬೇರೊಬ್ಬರ ಧ್ವನಿಯನ್ನು ಅನುಕರಿಸುವುದು ಇಂದು ಸುಲಭವಾಗಿದೆ. "ಅಧ್ಯಕ್ಷರ ಧ್ವನಿಯಲ್ಲೇ ಬಂದಿತ್ತು" ಎಂಬ ಕಾರಣಕ್ಕೆ ಹಣ ಪಾವತಿಸುವಂತಿಲ್ಲ, ಒಟಿಪಿ ಹೇಳುವಂತಿಲ್ಲ. ಸಂದೇಹ ಬಂದಾಗ ತಿಳಿದಿರುವ ಸಂಖ್ಯೆಗೆ ಮರುಕರೆ ಮಾಡಿ ಖಚಿತಪಡಿಸಿಕೊಳ್ಳಬೇಕು.

7. ಗೌಪ್ಯತೆ ಮತ್ತು ಪಿನ್ ಸಂಖ್ಯೆ

ಧ್ವನಿ ಪೆಟ್ಟಿಗೆಗಳು 0000 ಅಥವಾ 1234ರಂತಹ ಪಿನ್‌ನೊಂದಿಗೆ ಬರುವುದುಂಟು. ಅದನ್ನು ಮೊದಲ ದಿನವೇ ಬದಲಾಯಿಸಬೇಕು. ಇದು ಸಣ್ಣ ವಿಷಯವಲ್ಲ. ಬ್ರಿಟನ್ನಿನ 'ನ್ಯೂಸ್ ಆಫ್ ದಿ ವರ್ಲ್ಡ್' ವಾರಪತ್ರಿಕೆಗಾಗಿ ಕೆಲಸ ಮಾಡುತ್ತಿದ್ದವರು ಬೇರೆಯವರ ಧ್ವನಿ ಪೆಟ್ಟಿಗೆಗಳನ್ನು ಕದ್ದು ಕೇಳುತ್ತಿದ್ದುದು ಬಯಲಾಗಿ, 168 ವರ್ಷಗಳ ಆ ಪತ್ರಿಕೆ 2011ರ ಜುಲೈನಲ್ಲಿ ಮುಚ್ಚಿಹೋಯಿತು. ಬಳಕೆದಾರರು ಬದಲಾಯಿಸದೆ ಬಿಟ್ಟಿದ್ದ ಪಿನ್‌ಗಳೂ ಆ ಕಳ್ಳತನಕ್ಕೆ ದಾರಿಯಾಗಿದ್ದವು. ಪೆಟ್ಟಿಗೆಯ ಮೂಲಕ ಹೊರಕರೆ ಮಾಡುವ ಸೌಲಭ್ಯವಿದ್ದರೆ ಅದನ್ನು, ವಿಶೇಷವಾಗಿ ವಿದೇಶಿ ಕರೆಯನ್ನು, ಮುಚ್ಚಿಸಬೇಕು. ಇಲ್ಲವಾದರೆ ಅಪರಿಚಿತರ ಕರೆಗಳ ಬಿಲ್ಲನ್ನು ಪಂಚಾಯತಿ ತೆರಬೇಕಾದೀತು. ಹೊಣೆಯಲ್ಲಿದ್ದ ಸಿಬ್ಬಂದಿ ವರ್ಗಾವಣೆಯಾದ ದಿನವೇ ಪಿನ್ ಬದಲಾಗಬೇಕು.

ಕಚೇರಿಯಲ್ಲಿರುವ ಧ್ವನಿ ದಾಖಲೆಯೂ ಮಾಹಿತಿ ಹಕ್ಕು ಅಧಿನಿಯಮ, 2005ರ ಅರ್ಥದಲ್ಲಿ 'ಮಾಹಿತಿ'ಯೇ. ಆದರೆ ವೈಯಕ್ತಿಕ ಮಾಹಿತಿ ಮತ್ತು ಮಾಹಿತಿ ನೀಡಿದವರ ಜೀವಕ್ಕೆ ಅಪಾಯ ತರುವ ವಿವರಗಳಿಗೆ ಅದರ 8ನೇ ಪ್ರಕರಣದಲ್ಲಿ ವಿನಾಯಿತಿಯಿದೆ. ಬಾಲ್ಯವಿವಾಹ, ಮನೆಯೊಳಗಿನ ಹಿಂಸೆ, ಮಕ್ಕಳ ಮೇಲಿನ ದೌರ್ಜನ್ಯದ ಸಂದೇಶ ಬಂದರೆ ಅದನ್ನು ಯಾವ ಗುಂಪಿಗೂ ಕಳುಹಿಸಬಾರದು, ಸಾಮಾನ್ಯ ವಹಿಯಲ್ಲಿ ಹೆಸರು ಬರೆಯಬಾರದು. ಕೂಡಲೇ ಸಂಬಂಧಪಟ್ಟ ಅಧಿಕಾರಿಗೆ ಅಥವಾ ಸಹಾಯವಾಣಿಗೆ ಮಾತ್ರ ತಿಳಿಸಬೇಕು. ಅಪರಾಧಕ್ಕೆ ಸಾಕ್ಷ್ಯವಾಗಬಹುದಾದ ಸಂದೇಶದ ಮೂಲ ಕಡತವನ್ನು ಕತ್ತರಿಸದೆ, ಹೆಸರು ಬದಲಿಸದೆ ಹಾಗೆಯೇ ಕಾಪಾಡಬೇಕು. ವಿದ್ಯುನ್ಮಾನ ದಾಖಲೆಗಳು ಸಾಕ್ಷ್ಯವಾಗಿ ಅಂಗೀಕಾರವಾಗುವ ವಿಧಾನವನ್ನು ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೇ ಪ್ರಕರಣ ಹೇಳುತ್ತದೆ. ಉಳಿದ ಸಾಮಾನ್ಯ ಸಂದೇಶಗಳನ್ನು ದೂರು ಮುಕ್ತಾಯವಾದ ನಂತರ ಎಷ್ಟು ಕಾಲ ಇಟ್ಟು ಅಳಿಸಬೇಕೆಂಬುದನ್ನು ದಾಖಲೆ ನಿರ್ವಹಣೆಯ ನಿಯಮಗಳಿಗೆ ಅನುಗುಣವಾಗಿ ನಿರ್ಣಯದಲ್ಲೇ ಬರೆದಿಡಬೇಕು.

8. ಸದಸ್ಯರ ಮೇಲ್ವಿಚಾರಣೆ

ಪೆಟ್ಟಿಗೆಯ ಪಿನ್ ತಮಗೂ ಬೇಕೆಂದು ಸದಸ್ಯರು ಬಯಸುವುದು ಸಹಜ. ಜನರ ದೂರು ಜನಪ್ರತಿನಿಧಿಗೆ ತಿಳಿಯಬಾರದೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ದೂರು ಕೆಲವೊಮ್ಮೆ ಸದಸ್ಯರ ಮೇಲೆ, ಅವರ ಬಂಧುವಿನ ಅಂಗಡಿಯ ಮೇಲೆ, ನೆರೆಯವರ ಒತ್ತುವರಿಯ ಮೇಲೆ ಇರಬಹುದು. ಹಳ್ಳಿಯಲ್ಲಿ ಧ್ವನಿ ಕೇಳಿದೊಡನೆ ಆಳನ್ನು ಗುರುತಿಸಬಹುದು. ತನ್ನ ಧ್ವನಿ ಯಾರ ಕಿವಿಗೆ ಬೀಳುತ್ತದೆಂಬ ಭಯ ಹುಟ್ಟಿದ ಮೇಲೆ ಬಡವರು ಆ ಸಂಖ್ಯೆಗೆ ಕರೆ ಮಾಡುವುದಿಲ್ಲ. ಹೀಗಾಗಿ ಧ್ವನಿಯನ್ನು ಕೇಳುವ ಅಧಿಕಾರ ನಿಯೋಜಿತ ಸಿಬ್ಬಂದಿಗೆ ಮತ್ತು ಪಂಚಾಯತಿ ಅಭಿವೃದ್ಧಿ ಅಧಿಕಾರಿಗೆ ಮಾತ್ರ ಇರಲಿ. ಸಿಬ್ಬಂದಿಯ ಮೇಲೆ ಬಂದ ದೂರನ್ನು ಆ ಸಿಬ್ಬಂದಿಯಲ್ಲದ ಬೇರೊಬ್ಬರು ವಿಚಾರಿಸಲಿ.

ಸದಸ್ಯರಿಗೆ ಬೇಕಾದದ್ದು ಧ್ವನಿಯಲ್ಲ, ಲೆಕ್ಕ. ಪ್ರತಿ ಸಾಮಾನ್ಯ ಸಭೆಯ ಮುಂದೆ ಈ ಮಾಸಿಕ ತಖ್ತೆ ಬರಬೇಕು: ವಾರ್ಡುವಾರು ಬಂದ ಸಂದೇಶಗಳು, ದರ್ಜೆವಾರು ಸಂಖ್ಯೆ, ಬಂದ ಸಮಯದಿಂದ ಕೇಳಿದ ಸಮಯದವರೆಗಿನ ಅತಿ ದೀರ್ಘ ವಿಳಂಬ, ಅವಧಿ ಮೀರಿ ಬಾಕಿ ಇರುವ ದೂರುಗಳು ಮತ್ತು ಕಾರಣ, ಮರುಕರೆ ಮಾಡದೆ ಮುಕ್ತಾಯಗೊಳಿಸಿದ ದೂರುಗಳು. ಸರಾಸರಿಯನ್ನು ಮಾತ್ರ ನೋಡಬಾರದು. 19 ಸಂದೇಶಗಳನ್ನು ಒಂದು ಗಂಟೆಯೊಳಗೆ ಕೇಳಿ, ಕೆಟ್ಟ ನೀರಿನ ಒಂದೇ ಸಂದೇಶವನ್ನು 60 ಗಂಟೆ ಬಿಟ್ಟರೂ ಸರಾಸರಿ ನಾಲ್ಕು ಗಂಟೆಯೊಳಗೇ ಕಾಣುತ್ತದೆ.

ಯಾವುದಾದರೂ ವಾರ್ಡಿನಿಂದ ಒಂದೂ ಸಂದೇಶ ಬಾರದಿದ್ದರೆ ಅಲ್ಲಿ ಕುಂದುಕೊರತೆ ಇಲ್ಲವೆಂದು ತಿಳಿಯಬಾರದು. ಸಂಖ್ಯೆಯೇ ಅಲ್ಲಿಗೆ ತಲುಪಿಲ್ಲದಿರಬಹುದು, ನೆಟ್‌ವರ್ಕ್ ಇಲ್ಲದಿರಬಹುದು, ಹಿಂದೆ ಮಾಡಿದ ಕರೆಗೆ ಉತ್ತರ ಸಿಗದೆ ಜನ ಬೇಸತ್ತಿರಬಹುದು. ಆ ವಾರ್ಡಿನ ಸದಸ್ಯರು ಮನೆ ಮನೆಗೆ ಹೋಗಿ ಕೇಳಬೇಕಾದ ಸಂದರ್ಭ ಅದು.

ತಿಂಗಳಿಗೊಮ್ಮೆ ಸದಸ್ಯರೊಬ್ಬರು ತಾವು ಯಾರೆಂದು ಹೇಳದೆ ಕಚೇರಿ ಸಂಖ್ಯೆಗೆ ಬೇರೊಂದು ಫೋನಿನಿಂದ ಕರೆ ಮಾಡಿ, ತಮ್ಮ ವಾರ್ಡಿನ ನಿಜವಾದ ದೂರೊಂದನ್ನು ದಾಖಲಿಸಿ, ಮರುಕರೆ ಎಷ್ಟು ದಿನಕ್ಕೆ ಬಂತೆಂದು ಗಮನಿಸುವುದು ಸರಳ ಹಾಗೂ ವೆಚ್ಚವಿಲ್ಲದ ಪರೀಕ್ಷೆ.

9. ನಿರ್ಣಯದಲ್ಲಿ ಇರಬೇಕಾದ ಅಂಶಗಳು

1. ಕಚೇರಿಯ ಧ್ವನಿ ಸಂದೇಶ ಸಂಖ್ಯೆ ಮತ್ತು ಅದನ್ನು ಪ್ರಚುರಪಡಿಸುವ ವಿಧಾನ.
2. ಕೇಳುವ ಸಿಬ್ಬಂದಿ, ಬದಲಿ ಸಿಬ್ಬಂದಿ, ರಜಾ ದಿನದ ಸರದಿ.
3. ದರ್ಜೆಗಳು ಮತ್ತು ಕಾಲಮಿತಿ.
4. ವಹಿಯ ನಮೂನೆ ಮತ್ತು ಮರುಕರೆಯ ನಿಯಮ.
5. ಪಿನ್, ಗೌಪ್ಯತೆ, ಸಂಗ್ರಹ ಮತ್ತು ಅಳಿಸುವಿಕೆ.
6. ಹೊರಹೋಗುವ ಸಂದೇಶಕ್ಕೆ ಅನುಮೋದನೆ ನೀಡುವವರು, ವಾರ್ಷಿಕ ವೆಚ್ಚದ ಮಿತಿ.
7. ಮಾಸಿಕ ತಖ್ತೆಯನ್ನು ಸಭೆಯ ಮುಂದಿಡುವ ಹೊಣೆ.
8. ಕೇಳುವ ಸಿಬ್ಬಂದಿ ಲಭ್ಯವಿಲ್ಲದ ಅವಧಿಯಲ್ಲಿ ಪೆಟ್ಟಿಗೆಯನ್ನು ಮುಚ್ಚಿ, ಪರ್ಯಾಯ ಸಂಖ್ಯೆಯನ್ನು ತಿಳಿಸುವ ಕ್ರಮ.

ಎಂಟನೆಯ ಅಂಶ ವಿಚಿತ್ರವೆನಿಸಬಹುದು. ಆದರೆ "ಈಗ ಸಂದೇಶ ಸ್ವೀಕರಿಸಲಾಗುತ್ತಿಲ್ಲ, ನಿಮ್ಮ ವಾರ್ಡ್ ಸದಸ್ಯರನ್ನು ಕಾಣಿರಿ" ಎಂದು ಪ್ರಾಮಾಣಿಕವಾಗಿ ಹೇಳುವ ಪೆಟ್ಟಿಗೆ, ಸುಳ್ಳು ಭರವಸೆ ನೀಡುವ ಪೆಟ್ಟಿಗೆಗಿಂತ ಮೇಲು. ಶುಕ್ರವಾರ ಸಂಜೆ ಆ ಮಾತು ಕೇಳಿದ ಮಹಿಳೆ ಅಂದೇ ರಾತ್ರಿ ಸದಸ್ಯರ ಬಾಗಿಲಿಗೆ ಬರುತ್ತಾರೆ.

ಚರ್ಚೆಗೆ ಪ್ರಶ್ನೆಗಳು

1. ನಮ್ಮ ಪಂಚಾಯತಿಯಲ್ಲಿ ಶನಿವಾರ ರಾತ್ರಿ ಬಂದ ಕೆಟ್ಟ ನೀರಿನ ದೂರು ಯಾರ ಕಿವಿಗೆ, ಎಷ್ಟು ಗಂಟೆಯೊಳಗೆ ತಲುಪುತ್ತದೆ?
2. ನಮ್ಮ ಸಂಪರ್ಕ ಪಟ್ಟಿಯಲ್ಲಿ ಮಹಿಳೆಯರ ಸ್ವಂತ ಸಂಖ್ಯೆಗಳು ಎಷ್ಟಿವೆ?
3. ಕಳೆದ ಮೂರು ತಿಂಗಳಲ್ಲಿ ಒಂದೂ ದೂರು ಬಾರದ ವಾರ್ಡ್ ಯಾವುದು, ಕಾರಣವೇನು?
4. 35 ಸೆಕೆಂಡಿನ ಪ್ರಕಟಣೆಯೊಂದನ್ನು ಅರ್ಥ ಕೆಡದಂತೆ 28 ಸೆಕೆಂಡಿಗೆ ಇಳಿಸಿ ಬರೆಯಿರಿ.
5. ಸಿಬ್ಬಂದಿಯ ಮೇಲೆಯೇ ಬಂದ ದೂರನ್ನು ನಮ್ಮ ಕಚೇರಿಯಲ್ಲಿ ಯಾರು ಕೇಳಬೇಕು?